ಸೀರೆಯ ಆಚೆಗಿನ ಗಿಟಾರ್

…ಅಥವಾ ಆ ದಿನ ಮಳೆ ಬರುತ್ತಲೇ ಇರಲಿಲ್ಲವೇನೋ. ಶೇಖರನನ್ನು ಕೇಳಿದರೆ, "ಮಳೆ ಎಲ್ಲಿತ್ತು ಮೇಡಂ? ಬಿಸ್ಲು. ತಗಡು ಕಾದು ಚಟಚಟ ಅಂತಿತ್ತು," ಎನ್ನುತ್ತಾನೆ. ಮುನಿರಾಜುವಿನ ಪ್ರಕಾರ ಮಳೆ ಇತ್ತು, ಆದರೆ ಅದು ಬೇರೆ ಭಾನುವಾರ. ನನ್ನ ತಲೆಯೊಳಗೆ ಮಾತ್ರ ಉರಿಗಾಂನ ಆ ಮನೆಯ ಮೇಲೆ ತಿಂಗಳುಗಟ್ಟಲೆ ಮಳೆ ನಿಂತೇ ಇಲ್ಲ. ಹಾಗಾಗಲು ಸಾಧ್ಯವಿಲ್ಲ ಎಂದು ನನಗೂ ಗೊತ್ತು. ಕೋಲಾರದ ಸೀಮೆಯ ಮಳೆ ಎರಡು ದಿನ ಜಿನುಗಿ, ಒಂದು ಸಂಜೆ ಗುಡುಗಿ, ಆಂಧ್ರದ ಕಡೆ ಹೊರಟುಹೋಗುವಂಥದ್ದು. ಆದರೂ ಆ ವರ್ಷವನ್ನು ನೆನೆದಾಗ ಮೊದಲು ಕೇಳುವುದು ಗಿಟಾರ್ ಅಲ್ಲ, ತಗಡಿನ ಮೇಲೆ ಬೀಳುವ ನೀರು.

ಇದನ್ನೆಲ್ಲ ಎಬ್ಬಿಸಿದ್ದು ಒಂದು ವಾಸನೆ. ಹೋದ ತಿಂಗಳು ಕೆಲಸದ ಮೇಲೆ ಬಂಗಾರಪೇಟೆಗೆ ಹೋಗಿದ್ದೆ. ಸ್ಟೇಷನ್ನಿನಿಂದ ಹೊರಬಂದು ಬಜಾರಿನ ಕಡೆ ನಡೆಯುತ್ತಿದ್ದಾಗ, ಒಂದು ರಿಪೇರಿ ಅಂಗಡಿಯಲ್ಲಿ ಯಾರೋ ಹಳೇ ವಾಲ್ವ್ ರೇಡಿಯೋ ತಂದು, ಅದಕ್ಕೆ ಇನ್ನೂ ಜೀವ ಇದೆಯೇ ನೋಡಲು ಪ್ಲಗ್ ಹಾಕಿಸುತ್ತಿದ್ದರು. ರೇಡಿಯೋ ಮಾತಾಡಲಿಲ್ಲ. ಆದರೆ ಒಳಗಿನ ಗಾಜಿನ ವಾಲ್ವುಗಳು ಕಾದವು, ಅವುಗಳ ಮೇಲೆ ಕೂತಿದ್ದ ಎಷ್ಟೋ ವರ್ಷಗಳ ಧೂಳು ಮೆಲ್ಲಗೆ ಸುಡತೊಡಗಿತು. ಬಿಸಿ ಗಾಜು, ಸುಟ್ಟ ಧೂಳು, ಎಲ್ಲೋ ಸ್ವಲ್ಪ ರಾಳ. ನಾನು ರಸ್ತೆಯಲ್ಲೇ ನಿಂತುಬಿಟ್ಟೆ. ಅದು ದೊರೈಯಣ್ಣನ ಮನೆಯ ಮುಂಗೋಣೆಯ ವಾಸನೆ.

ಆಗ ನಾನು ಬಂಗಾರಪೇಟೆಯ ಒಂದು ಕಾಲೇಜಿನಲ್ಲಿ ಪಿಯು ಹುಡುಗರಿಗೆ ಭೌತಶಾಸ್ತ್ರ ಹೇಳಿಕೊಡಲು ವರ್ಷದ ಮಟ್ಟಿಗೆ ಹೋಗಿದ್ದೆ. ಊರಲ್ಲಿ ಯಾರ ಪರಿಚಯವೂ ಇರಲಿಲ್ಲ. ಭಾನುವಾರಗಳು ಸಾಗುತ್ತಿರಲಿಲ್ಲ. ಮಾರಿಕುಪ್ಪಂ ರೈಲು ಹತ್ತುವುದು, ಹಳಿ ಮುಗಿಯುವ ತನಕ ಹೋಗುವುದು, ಅದೇ ರೈಲಿನಲ್ಲಿ ವಾಪಸ್ ಬರುವುದು, ಇಷ್ಟೇ ನನ್ನ ಭಾನುವಾರ. ಒಂದು ಸಲ ಗಿಟಾರನ್ನೂ ಜೊತೆಗೆ ತೆಗೆದುಕೊಂಡು ಹೋದೆ. ಯಾಕೆ ಎಂದು ಈಗ ಹೇಳಲಾರೆ. ಬಾಡಿಗೆ ಕೋಣೆಯಲ್ಲಿ ಅದನ್ನು ಒಂಟಿಯಾಗಿ ಬಿಡಲು ಮನಸ್ಸಾಗಲಿಲ್ಲ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ಅದು ನಿಜವಲ್ಲ ಅನಿಸುತ್ತದೆ. ಎದುರು ಸೀಟಿನಲ್ಲಿ ಒಬ್ಬಾತ ತೊಡೆಗಳ ನಡುವೆ ಸ್ಟೀಲಿನ ದೊಡ್ಡ ಹಾಲಿನ ಕ್ಯಾನ್ ಇಟ್ಟುಕೊಂಡು ಕೂತಿದ್ದ. ನನ್ನ ಗಿಟಾರಿನ ಚೀಲವನ್ನೇ ಬಹಳ ಹೊತ್ತು ನೋಡಿದ.

"ಮೇಡಂ, ಅದ್ರಾಗಿರೋದು ಡಬ್ಬ ಗಿಟಾರೋ, ಕರೆಂಟ್ ಗಿಟಾರೋ?"

"ಡಬ್ಬದ್ದೇ. ಸ್ಪೀಕರಿಗೆ ಸಿಕ್ಕಿಸೋಕೆ ಒಳಗೆ ಒಂದು ಪಿಕಪ್ ಅಂಟಿಸಿದೀನಿ."

"ಯಾತ್ರಾಗೆ ಅಂಟಿಸಿದೀರಾ?"

"ಟೇಪಲ್ಲಿ."

"ಅಯ್ಯೋ ಶಿವನೇ, ಬಿದ್ದೋಯ್ತದೆ ಮೇಡಂ," ಎಂದವನು ಕ್ಯಾನಿನ ಮುಚ್ಚಳ ತಿರುಗಿಸಿ ತೆಗೆದ. ಒಳಗೆ ಹಾಲಿರಲಿಲ್ಲ. ಹಳೇ ಟವೆಲಿನಲ್ಲಿ ಸುತ್ತಿದ ಪೆಡಲುಗಳಿದ್ದವು: ಗಿಟಾರಿನ ದನಿಯನ್ನು ಒರಟು ಮಾಡುವುದು, ಉದ್ದ ಮಾಡುವುದು, ಬಾವಿಯೊಳಗಿಂದ ಬಂದ ಹಾಗೆ ಮಾಡುವುದು, ಒಂದೊಂದಕ್ಕೂ ಒಂದೊಂದು ಬಣ್ಣ. "ಮಳೆಗೆ ಇದ್ಕಿಂತ ಒಳ್ಳೇ ಪೆಟ್ಗೆ ಇಲ್ಲ. ಒಂದೇ ತೊಂದ್ರೆ, ಎಲ್ಲಾ ಸೌಂಡೂ ಒಸಿ ಹಾಲ್ ವಾಸ್ನೆ ಒಡೀತದೆ."

ಅವನೇ ಮುನಿರಾಜು. ಬಂಗಾರಪೇಟೆಯ ಪಕ್ಕದ ಹಳ್ಳಿಯವನು. ಬೆಳಿಗ್ಗೆ ಎದ್ದು ಹಸು ಕರೆದು, ಡೇರಿಗೆ ಹಾಲು ಹಾಕಿ, ಮೇವು ಕತ್ತರಿಸಿ, ಭಾನುವಾರ ಮಧ್ಯಾಹ್ನ ಗಿಟಾರ್ ಹೆಗಲಿಗೇರಿಸಿ ಉರಿಗಾಂಗೆ ಹೋಗುತ್ತಿದ್ದ. ಆ ದಿನ ನಾನೂ ಅವನ ಹಿಂದೆ ಉರಿಗಾಂನಲ್ಲಿ ಇಳಿದೆ. ನನ್ನ ಆ ವರ್ಷ ಶುರುವಾದದ್ದು ಹಾಗೆ.

ಚಿನ್ನದ ಗಣಿ ನಡೆಯುತ್ತಿದ್ದಾಗ ಕೆಲಸಗಾರರಿಗೆಂದು ಕಟ್ಟಿದ ಸಾಲುಮನೆಗಳಲ್ಲಿ ಒಂದು ದೊರೈಯಣ್ಣನದು. ಕೈ ಎತ್ತಿದರೆ ತಗಡು ಸಿಗುವಷ್ಟು ಗಿಡ್ಡ. ಬಾಗಿಲಲ್ಲಿ ನಿಂತರೆ ಗಣಿಯ ಮಣ್ಣು ಸುರಿದು ಬೆಳೆದ ಬೂದು ದಿಬ್ಬಗಳು ಕಾಣುತ್ತಿದ್ದವು. ಗಾಳಿ ಎದ್ದರೆ ಅವುಗಳ ಪುಡಿ ಊರಿನ ಮೇಲೆ ಹರಡಿ, ಬಟ್ಟೆ, ತಟ್ಟೆ, ಗಿಟಾರಿನ ತಂತಿ ಎಲ್ಲದರ ಮೇಲೂ ಕೂರುತ್ತಿತ್ತು. ಉರಿಗಾಂನಲ್ಲಿ ತಂತಿಗೆ ಆಯಸ್ಸು ಕಡಿಮೆ ಎನ್ನುತ್ತಿದ್ದರು. ಮೋಡ ಕವಿದ ಮಧ್ಯಾಹ್ನಗಳಲ್ಲಿ ಆ ದಿಬ್ಬಗಳಿಗೂ ಆಕಾಶಕ್ಕೂ ನಡುವಿನ ಗೆರೆ ಅಳಿಸಿಹೋಗಿ, ಮನೆಗಳೆಲ್ಲ ಯಾವುದೋ ಬೂದು ನೀರಿನ ತಳದಲ್ಲಿ ಕೂತ ಹಾಗೆ ಕಾಣುತ್ತಿತ್ತು.

ದೊರೈಯಣ್ಣ ಗಣಿಯ ಕೆಳಗೆ ಬಂಡೆ ಕೊರೆಯುವ ಯಂತ್ರ ಹಿಡಿದವರು. ಗಣಿ ಮುಚ್ಚಿದ ಮೇಲೆ ಮದುವೆಗಳ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸಿ, ವಯಸ್ಸಾದ ಮೇಲೆ ಅದನ್ನೂ ಬಿಟ್ಟು, ಈಗ ಮನೆಯಲ್ಲಿದ್ದರು. ಗಿಟಾರಿನ ದನಿಯನ್ನು ಜೋರು ಮಾಡುವ ಅವರ ಆಂಪ್ ಅವರೇ ಕಟ್ಟಿದ್ದು: ಸತ್ತ ರೇಡಿಯೋಗಳ ವಾಲ್ವುಗಳು, ಯಾರದೋ ಸಿನಿಮಾ ಟೆಂಟಿನ ಸ್ಪೀಕರು, ಹಲಸಿನ ಹಲಗೆಯ ಪೆಟ್ಟಿಗೆ. ಸ್ವಿಚ್ ಹಾಕಿ ಒಂದು ಲೋಟ ಟೀ ಕುಡಿಯುವಷ್ಟು ಹೊತ್ತು ಕಾಯಬೇಕಿತ್ತು. ಆಮೇಲೆ ಅದು ಕೆಮ್ಮಿ, ಗಂಟಲು ಸರಿ ಮಾಡಿಕೊಂಡು, ಮಾತಾಡುತ್ತಿತ್ತು.

ಮೂರನೆಯವನು ಶೇಖರ. ದಿನಾ ಬೆಳಿಗ್ಗೆ ರೈಲು ಹಿಡಿದು ಬೆಂಗಳೂರಿನ ಕಾರ್ಖಾನೆಯೊಂದಕ್ಕೆ ಫಿಟ್ಟರ್ ಕೆಲಸಕ್ಕೆ ಹೋಗುವವನು. ಅವನದು ಕರೀ ಕರೆಂಟ್ ಗಿಟಾರ್. ಹೆಸರು ಅಮೆರಿಕದ್ದು, ಹುಟ್ಟಿದ್ದು ಇನ್ನೆಲ್ಲೋ. ಅದನ್ನು ಕೆಳಗಿಡುವ ಮುಂಚೆ ಟವೆಲ್ ಹಾಸುತ್ತಿದ್ದ. ಮುನಿರಾಜು ಕೆಣಕದೆ ಬಿಡುತ್ತಿರಲಿಲ್ಲ.

"ಏನ್ಲಾ ಶೇಕ್ರ, ಬಾಣಂತಿ ಮಲಗ್ಸಿದಂಗೆ ಮಲಗಿಸ್ತೀಯ?"

"ನಿನ್ ಥರ ಹಾಲಿನ ಕ್ಯಾನಲ್ಲಿ ಹಾಕಿ ಕುಲುಕ್ಲಾ? ಸೌಂಡ್ ಇರೋದು ಮರದಲ್ಲಿ ಕಣೋ. ಒಳ್ಳೇ ಮರ ಇದ್ರೆ ನಿನ್ ಪೆಡಲೆಲ್ಲ ಬೇಡವೇ ಬೇಡ."

"ಮರ ಅಂತೆ ಮರ. ಬಣ್ಣ ಬಳ್ದಿರೋ ಮರ ಯಾವ್ದಾದ್ರೇನ್ಲಾ? ನಮ್ ಕೊಟ್ಗೆ ಬಾಗ್ಲಿಗೆ ತಂತಿ ಕಟ್ಕೊಡ್ತೀನಿ, ಈ ಕೆಂಪ್ ಪೆಡಲ್ ಒಂದು ತುಳೀ ನೋಡುವಾ."

ಆಗ ದೊರೈಯಣ್ಣ ಕೈ ಎತ್ತಿ ಇಬ್ಬರನ್ನೂ ಸುಮ್ಮನಾಗಿಸುತ್ತಿದ್ದರು. "ಇಲ್ಲಿ ಕೇಳ್ರಪ್ಪಾ. ಸೌಂಡ್ ಇರೋದು ವೋಲ್ಟೇಜಲ್ಲಿ. ಬೇರೆದೆಲ್ಲ ಸುಮ್ನೆ."

ಅದು ಹಾಸ್ಯವಲ್ಲ. ಸಂಜೆಯಾಗಿ ಸಾಲುಮನೆಗಳಲ್ಲೆಲ್ಲ ದೀಪ, ಟೀವಿ, ಮಿಕ್ಸಿ ಶುರುವಾದಾಗ ಉರಿಗಾಂನ ಕರೆಂಟು ಇಳಿಯುತ್ತಿತ್ತು. ಆಗ ಆ ಆಂಪಿನ ದನಿಯ ಅಂಚು ಕರಗಿ, ಪ್ರತಿ ಸ್ವರವೂ ಸ್ವಲ್ಪ ತಡವಾಗಿ, ಸ್ವಲ್ಪ ಬಾಗಿ ಹೊರಬರುತ್ತಿತ್ತು. ನಿದ್ದೆಯಿಂದೆದ್ದು ಹೆಸರು ಹೇಳಿದ ಹಾಗೆ. ಅದಕ್ಕೆ ಕಾರಣ ಏನು ಎಂದು ನಾನು ಪಾಠದ ಧಾಟಿಯಲ್ಲಿ ವಿವರಿಸಿದ್ದೇನೆ, ಅವರು ಕೇಳಿಸಿಕೊಂಡಿದ್ದಾರೆ. ಆದರೆ ಆ ದನಿಯ ಒಳಗೆ ಕೂತಾಗ ವಿವರಣೆ ಪಕ್ಕದ ಮನೆಯ ಮಾತಿನ ಹಾಗೆ ಎಲ್ಲೋ ದೂರ ಉಳಿಯುತ್ತಿತ್ತು.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮುಂಗೋಣೆಯ ನಡುವೆ ತಂತಿ ಕಟ್ಟಿ ಸರೋಜಕ್ಕನ ಹಳೇ ನೂಲಿನ ಸೀರೆ ಇಳಿಬಿಡುವುದು. ಸರೋಜಕ್ಕ ದೊರೈಯಣ್ಣನ ಹೆಂಡತಿ. ಒಬ್ಬರು ಸೀರೆಯ ಆಚೆ ಹೋಗಿ, ಅಲ್ಲಿರುವ ಯಾವುದೋ ಗಿಟಾರನ್ನು ಯಾವುದೋ ಆಂಪಿಗೆ ಸಿಕ್ಕಿಸಿ ನುಡಿಸುವುದು. ಈಚೆ ಕೂತವರು ಯಾರ ಗಿಟಾರ್, ಯಾವ ಆಂಪ್, ನಡುವೆ ಪೆಡಲ್ ಇದೆಯೋ ಇಲ್ಲವೋ ಎಂದು ಹೇಳುವುದು. ಮಾತಿನಲ್ಲಿ ಬಗೆಹರಿಯದ ಮರ–ಪೆಡಲ್ ಜಗಳಗಳೆಲ್ಲ ಅಲ್ಲಿ ಬಗೆಹರಿಯಬೇಕು. ತಪ್ಪು ಹೇಳಿದವರು ಹಿತ್ತಲ ನಲ್ಲಿಯಲ್ಲಿ ಟೀ ಲೋಟ ತೊಳೆಯಬೇಕು.

ಸೀರೆ ಬಂದ ಮೇಲೆ ನಾವೆಲ್ಲ ಮಂಕಾಗುತ್ತಿದ್ದೆವು. ತನ್ನ ಗಿಟಾರನ್ನು ನಿದ್ದೆಯಲ್ಲೂ ಗುರುತಿಸುತ್ತೇನೆ ಎನ್ನುತ್ತಿದ್ದ ಶೇಖರ ನನ್ನ ಟೇಪ್ ಅಂಟಿಸಿದ ಡಬ್ಬವನ್ನು ತನ್ನದೆಂದು ಹೇಳಿ ಲೋಟ ತೊಳೆದಿದ್ದಾನೆ. ದೊರೈಯಣ್ಣ ಮಾತ್ರ ಒಮ್ಮೆಯೂ ತೊಳೆದಿರಲಿಲ್ಲ. ನಾವು ಕೆಳಗೆ ಚಾಪೆಯ ಮೇಲೆ, ಅವರು ಬೆಂಚಿನ ಮೇಲೆ. ಗಣಿಯ ಯಾವುದೋ ಕಟ್ಟಡ ಖಾಲಿಯಾದಾಗ ಬಂದ ತೇಗದ ಉದ್ದ ಬೆಂಚದು. ಎಷ್ಟು ಉದ್ದವೆಂದರೆ ಆ ಪುಟ್ಟ ಕೋಣೆಯಲ್ಲಿ ಅದನ್ನು ಬೇರೆ ಹೇಗೂ ಹಾಕಲಾಗದೆ, ಸೀರೆ ಅದರ ನಡುವಿನ ಮೇಲೆಯೇ ಇಳಿದಿತ್ತು. ಬೆಂಚಿನ ಆ ತುದಿಯಲ್ಲಿ ಆಂಪ್, ಯಾರ ಆಂಪ್ ಆದರೂ ಸರಿ. ಈ ತುದಿಯಲ್ಲಿ ದೊರೈಯಣ್ಣ, ಅಂಗೈಗಳನ್ನು ಎರಡೂ ಪಕ್ಕ ಊರಿಕೊಂಡು, ಕಣ್ಣು ಮುಚ್ಚಿಕೊಂಡು.

"ಮುನಿರಾಜು ಗಿಟಾರು. ನಮ್ಮ ಆಂಪು. ಹಸಿರು ಪೆಡಲ್ ಹಾಕವ್ನೆ, ಕಳ್ಳ," ಎನ್ನುತ್ತಿದ್ದರು. ಅದೇ ಸರಿ ಇರುತ್ತಿತ್ತು. "ಹತ್ತಿರದ ಮನೇಲಿ ಮಿಕ್ಸಿ ಹಾಕಿದ್ರು ನೋಡು," ಎನ್ನುತ್ತಿದ್ದರು. ಗಮನ ಕೊಟ್ಟರೆ ದನಿ ಸ್ವಲ್ಪ ಬಾಗಿರುತ್ತಿತ್ತು.

"ಬಂಡೆ ಕೊರ್ದ ಕಿವಿ ಇದು. ಅದೆಂಗೆ ಉಳ್ಕೊಂತೋ," ಎಂದು ಒಮ್ಮೆ ಅವರೇ ಹೇಳಿದರು. "ಇದು ಹೋದ ದಿನ ಈ ಸೀರೆ ಬಿಚ್ಚಿ ಸರೋಜಾ ಕೈಗೆ ಕೊಟ್ಬಿಡ್ತೀನಿ. ಗಿಟಾರು ಅಟ್ಟಕ್ಕೆ. ಆಮೇಲೆ ಯಾರೂ ಬರಬೇಡಿ ಕಣ್ರಪ್ಪಾ, ನಿಜ ಹೇಳ್ತೀನಿ. ಕೇಳ್ದೆ ಇರೋನ ಮುಂದೆ ಬಾರಿಸೋದು, ಬಾರಿಸೋನಿಗೂ ಅವಮಾನ, ಕೂತೋನಿಗೂ ಅವಮಾನ."

ನಗುತ್ತಲೇ ಹೇಳಿದರು. ಸರೋಜಕ್ಕ ಒಳಗಿನಿಂದ, "ಆ ಸೀರೆ ಯಾರಿಗೆ ಬೇಕು, ಓಟೆ ಬಿದ್ದೈತೆ," ಎಂದರು. ನಾವೂ ನಕ್ಕೆವು. ಆದರೆ ಅವರು ಹೇಳಿದ್ದನ್ನು ಮಾಡುವ ಮನುಷ್ಯ ಎಂದು ನಮಗೆಲ್ಲ ಗೊತ್ತಿತ್ತು. ಆರ್ಕೆಸ್ಟ್ರಾ ಬಿಡುತ್ತೇನೆ ಎಂದ ದಿನವೇ ಬಿಟ್ಟಿದ್ದರು, ಮತ್ತೆ ಯಾರು ಬಂದು ಕರೆದರೂ ಹೋಗಿರಲಿಲ್ಲ.

ಬೆಂಚಿನ ಬಗ್ಗೆ ಮೊದಲು ತಕರಾರು ತೆಗೆದವನು ಶೇಖರ ಎಂದು ನನ್ನ ನೆನಪು. ಶೇಖರನ ನೆನಪಿನಲ್ಲಿ ಅದು ಮುನಿರಾಜು. ಯಾರೇ ಆಗಲಿ, ತಕರಾರು ನಿಜವಾದದ್ದೇ. ಆಂಪ್ ಜೋರಾದಾಗ ಬೆಂಚು ತಾನೂ ಗುಂಯ್ ಅನ್ನುತ್ತಿತ್ತು. ಕೆಳದನಿಯ ತಂತಿಗಳು ಕಲಸಿಹೋಗುತ್ತಿದ್ದವು. ಗಿಟಾರಿನ ಹುಚ್ಚು ಹಿಡಿದವರು ನೋಡುವ ವಿಡಿಯೋಗಳಲ್ಲೆಲ್ಲ ಅದಕ್ಕೆ ಪರಿಹಾರ ಹೇಳುತ್ತಿದ್ದರು: ಆಂಪಿನ ಕೆಳಗೆ ದಪ್ಪ ರಬ್ಬರ್ ಇಡಿ, ಅದುರು ಮರಕ್ಕೆ ಇಳಿಯುವುದಿಲ್ಲ, ದನಿ ತಿಳಿಯಾಗುತ್ತದೆ. ಶೇಖರ ಕಾರ್ಖಾನೆಯಲ್ಲಿ ಯಂತ್ರದ ಕಾಲಿಗೆ ಹಾಕುವಂಥ ಗುಂಡನೆಯ ರಬ್ಬರುಗಳನ್ನು ಎಲ್ಲಿಂದಲೋ ಕೊಂಡು ತಂದ. ಬೆಂಚಿನ ತುದಿಯಲ್ಲಿ ಅವನ್ನು ಜೋಡಿಸಿ ಮೇಲೆ ಆಂಪ್ ಕೂರಿಸಿದೆವು. ನುಡಿಸಿ ನೋಡಿದರೆ ನಿಜವಾಗಿಯೂ ಚೆನ್ನಾಗಿತ್ತು! ಕನ್ನಡಕ ಒರೆಸಿ ಹಾಕಿಕೊಂಡ ಹಾಗೆ.

"ಏನಂತೀರ ಅಣ್ಣಾ?" ಶೇಖರ ಕೇಳಿದ.

ದೊರೈಯಣ್ಣ ಸ್ವಲ್ಪ ಹೊತ್ತು ಆಂಪನ್ನೇ ನೋಡಿದರು. "ನಿಮ್ಗೆ ಸರಿ ಅನ್ನಿಸ್ತಾ?"

"ಸೂಪರ್ ಅಣ್ಣೋ," ಎಂದ ಮುನಿರಾಜು.

"ಹಾಗಾದ್ರೆ ಇರ್ಲಿ ಬಿಡ್ರಪ್ಪಾ."

ಆ ಮಾತು ಹೇಳುವಾಗ ಅವರ ಮುಖ ಹೇಗಿತ್ತು ಎಂದು ನೆನಪಿಸಿಕೊಳ್ಳಲು ನಾನು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಪ್ರತಿ ಸಲವೂ ಬೇರೆ ಮುಖ ಬರುತ್ತದೆ. ಆಮೇಲೆ ಆದದ್ದು ಗೊತ್ತಿರುವುದರಿಂದ ಈ ನೆನಪು ಅದಕ್ಕೆ ತಕ್ಕ ಮುಖವನ್ನು ತಂದು ಕೂರಿಸುತ್ತದೆ. ಅದನ್ನು ನಂಬಲಾರೆ.

ಮುಂದಿನ ಭಾನುವಾರ ಸೀರೆಯ ಆಚೆ ಮುನಿರಾಜು ಕೂತ. ನನ್ನ ಡಬ್ಬ ಗಿಟಾರನ್ನು ತನ್ನ ಪುಟ್ಟ ಟ್ರಾನ್ಸಿಸ್ಟರ್ ಆಂಪಿಗೆ ಸಿಕ್ಕಿಸಿ ನುಡಿಸಿದ. ಅಷ್ಟು ಸುಲಭದ್ದನ್ನು ಯಾರೂ ಕೊಡುತ್ತಿರಲಿಲ್ಲ. ಆ ಆಂಪಿನ ದನಿ ತಗಡಿನ ಡಬ್ಬಿಯಲ್ಲಿ ಕಡಲೆ ಕುಲುಕಿದ ಹಾಗಿರುತ್ತಿತ್ತು. ನಾನೂ ಶೇಖರನೂ ಹೇಳಿ ಮುಗಿಸಿದ್ದೆವು. ದೊರೈಯಣ್ಣ ಬಹಳ ಹೊತ್ತು ಕಣ್ಣು ಮುಚ್ಚಿ ಕೂತು, "ಶೇಖರನ ಗಿಟಾರು. ನಮ್ಮ ಆಂಪು," ಎಂದರು.

ಸೀರೆಯ ಆಚೆ ತಂತಿ ಸುಮ್ಮನಾಯಿತು. ಮುನಿರಾಜು ತಲೆ ಹೊರಗೆ ಹಾಕಿ, "ಅತ್ರತ್ರ ಬಂದ್ರಿ ಅಣ್ಣೋ," ಎಂದ.

ಅವನು ಎಂದೂ ಹಾಗೆ ಹೇಳಿದವನಲ್ಲ. ತಪ್ಪಿದವರನ್ನು ಹುರಿದು ತಿನ್ನುತ್ತಿದ್ದವನು. ದೊರೈಯಣ್ಣ ಅವನ ಮುಖ ನೋಡಿದರು, ಎದ್ದರು, ಲೋಟಗಳನ್ನು ಒಂದರೊಳಗೊಂದು ಜೋಡಿಸಿಕೊಂಡು ಹಿತ್ತಲಿಗೆ ಹೋದರು. ನಲ್ಲಿಯ ಸದ್ದು ಬಹಳ ಹೊತ್ತು ಬರುತ್ತಿತ್ತು. ಬಂದ ಮೇಲೆ ಕೈ ಒರೆಸಿಕೊಳ್ಳುತ್ತ, "ಥಂಡಿ. ಕಿವಿ ಕಟ್ಕೊಂಡೈತೆ," ಎಂದರು. "ಹೌದಣ್ಣ, ನಂಗೂ ಕಟ್ಟಿದೆ," ಎಂದ ಶೇಖರ, ಯಾರೂ ಕೇಳದೆಯೇ.

ಈಗ ಮಳೆ ಇತ್ತೋ ಇಲ್ಲವೋ ತಿಳಿಯದ ಆ ದಿನ.

ಅದು ಅದರ ಮರುವಾರವೋ, ಇನ್ನೊಂದು ವಾರ ಬಿಟ್ಟೋ. ಮಧ್ಯಾಹ್ನ. ಆಚೆ ಶೇಖರ ತನ್ನ ಗಿಟಾರನ್ನು ದೊರೈಯಣ್ಣನ ಆಂಪಿಗೆ ಹಾಕಿ ನಿಧಾನವಾಗಿ ಏನೋ ನುಡಿಸುತ್ತಿದ್ದ. ಬಾಗಿಲಿನ ಬೆಳಕು ಹಾಲಿನಂತೆ ಚಾಪೆಯ ಮೇಲೆ ಬಿದ್ದಿತ್ತು. ಆಗ ಕರೆಂಟು ಹೋಯಿತು. ಬೇರೆ ಆಂಪ್ ಆಗಿದ್ದರೆ ಕತ್ತರಿಸಿದ ಹಾಗೆ ನಿಲ್ಲುತ್ತಿತ್ತು. ವಾಲ್ವಿನದು ಹಾಗಲ್ಲ, ಒಳಗೆ ಉಳಿದ ಬಿಸಿಯಲ್ಲಿ ಒಂದೆರಡು ಉಸಿರು ಬದುಕಿ, ದನಿ ಸಣ್ಣದಾಗುತ್ತ, ಹಳದಿಯಾಗುತ್ತ, ನೀರಿಗಿಳಿದ ಕಲ್ಲಿನ ಹಾಗೆ ಮುಳುಗುತ್ತದೆ. ಮುಳುಗಿತು. ಶೇಖರ ಕೈ ನಿಲ್ಲಿಸಿದ. ನನಗೆ ಕೇಳಿದ್ದು ಮಳೆ. ಅಥವಾ ಕಾದ ತಗಡು.

ದೊರೈಯಣ್ಣ ಕಣ್ಣು ಮುಚ್ಚಿಯೇ ಇದ್ದರು. ಅವರ ಕಾಲಿನ ಹೆಬ್ಬೆರಳು ನೆಲದ ಮೇಲೆ ತಾಳ ಹಾಕುತ್ತಿತ್ತು, ತಲೆ ಮೆಲ್ಲಗೆ ಆಡುತ್ತಿತ್ತು. ನಾನು ಮುನಿರಾಜುವನ್ನು ನೋಡಿದೆ, ಅವನು ನನ್ನನ್ನು. ಸೀರೆಯ ಅಂಚಿನಲ್ಲಿ ಶೇಖರನ ಒಂದು ಕಣ್ಣು ಕಂಡಿತು. ಯಾರೂ ಕದಲಲಿಲ್ಲ. ಆ ಕೋಣೆಯಲ್ಲಿ ಇಲ್ಲದ ಒಂದು ಹಾಡು ನಡೆಯುತ್ತಿತ್ತು, ಅದನ್ನು ನಿಲ್ಲಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಎಷ್ಟು ಹೊತ್ತು ಹಾಗಿತ್ತೋ. ನನಗದು ಬಹಳ ಉದ್ದ. ಕೊನೆಗೆ ಅವರು ನಗುಮುಖ ಮಾಡಿ, "ಇದು ಕಣ್ರಪ್ಪಾ ಸೌಂಡು. ನಮ್ಮ ಆಂಪು. ಶೇಖರನ ಗಿಟಾರು. ಸರೀನಾ?" ಎಂದರು.

"ಸರಿ ಅಣ್ಣಾ," ಎಂದ ಶೇಖರ ಆಚೆಯಿಂದ.

ಆಗ ಸರೋಜಕ್ಕ ಅಡುಗೆಮನೆಯ ಬಾಗಿಲಿಗೆ ಬಂದು, ಗಂಡನ ಎದುರಿಗೆ ನಿಂತು, ಮುಖ ನೋಡಿಕೊಂಡು, "ಕರೆಂಟ್ ಹೋಗಿ ಎಷ್ಟೊತ್ತಾಯ್ತು, ಒಳ್ಗೆ ಕತ್ಲು, ಮೇಣದ ಬತ್ತಿ ಎಲ್ಲಿಟ್ರಿ?" ಎಂದರು. ಗಂಡನಿಗೆ ಏನಾದರೂ ಕೇಳುವುದಿದ್ದರೆ ಅವರು ಯಾವಾಗಲೂ ಹಾಗೆ ಎದುರು ನಿಂತೇ ಮಾತಾಡುತ್ತಿದ್ದರು ಎಂಬುದು ನನಗೆ ಹೊಳೆದದ್ದು ಆಗ. ದೊರೈಯಣ್ಣ ಸೀರೆಯ ಕಡೆ ಒಮ್ಮೆ ನೋಡಿದರು. ನಮ್ಮನ್ನು ನೋಡಲಿಲ್ಲ.

ವಾಪಸಾಗುವ ರೈಲಿನಲ್ಲಿ ನಾನು, ಮುನಿರಾಜು ಇಬ್ಬರೇ ಇರಬೇಕಿತ್ತು; ಶೇಖರನ ಮನೆ ಉರಿಗಾಂ ಪಕ್ಕದ ಕೋರಮಂಡಲ್‌ನಲ್ಲಿ, ಅವನು ನಡೆದೇ ಹೋಗುತ್ತಿದ್ದ. ಆದರೂ ಅವನು ನಮ್ಮ ಜೊತೆ ಬಂಗಾರಪೇಟೆಯ ತನಕ ಬಂದ. ಮೊದಲು ಬಾಯಿ ಬಿಟ್ಟವನು ಮುನಿರಾಜು.

"ನಮ್ ಕೆಂದಿ ಅಂತ ಒಂದ್ ಅಸ ಐತೆ ಮೇಡಂ. ಅದ್ಕೆ ಕಿವಿ ಕೇಳಲ್ಲ. ಹಿಂದ್ಗಡೆ ಪಟಾಕಿ ಒಡುದ್ರೂ ತಿರುಗಾಕಿಲ್ಲ. ಆದ್ರೆ ಹಾಲಿನ ಟೆಂಪೊ ಊರಾಚೆ ತಿರುವ್ನಾಗೆ ಬತ್ತಿದ್ದಂಗೇ ಎದ್ ನಿಂತ್ಕಂತದೆ. ಗೊರಸ್ನಾಗೆ ಕೇಳುಸ್ಕಂತದೆ ಅಂತಾಳೆ ನಮ್ಮವ್ವ."

ಶೇಖರ ತಟ್ಟನೆ ತಲೆಯೆತ್ತಿದ. ಮೂವರಿಗೂ ಒಟ್ಟಿಗೇ ಬೆಂಚು ಕಂಡಿತು: ಈ ತುದಿಯಲ್ಲಿ ಊರಿದ ಎರಡು ಅಂಗೈ, ಆ ತುದಿಯಲ್ಲಿ ನಾವು ಅಷ್ಟು ಪ್ರೀತಿಯಿಂದ ಇಟ್ಟ ರಬ್ಬರು.

"ತೆಗೆದುಬಿಡೋಣ," ಎಂದೆ.

"ತೆಗೆಯೋದು ಸರಿ. ಅದು ಮೋಸ ಆಗಲ್ವಾ ಮೇಡಂ?" ಎಂದ ಶೇಖರ. "ಅವ್ರು ಕಿವಿ ಹೋದ್ರೆ ಸೀರೆ ಬಿಚ್ತೀನಿ ಅಂದವ್ರು. ಕಿವಿ ಹೋಗಿದೆ. ನಾವು ಗೊತ್ತಿದ್ದೂ ಗೊತ್ತಿಲ್ದಂಗೆ ಬೆಂಚಲ್ಲಿ ಕೇಳಿಸ್ತಾ ಕೂರೋದು…"

"ಲೇ, ಕಿವ್ಯಾಗೇ ಕೇಳ್ಬೇಕು ಅಂತ ಯಾವನ್ಲಾ ಏಳಿದ್ದು? ನಿಂಗೆ ಎರಡು ಕಿವಿ ಐತೆ, ನಿನ್ ಗಿಟಾರೇ ನಿಂಗೆ ಗೊತ್ತಾಗಾಕಿಲ್ಲ."

ಶೇಖರನಿಗೆ ನಗು ಬಂತು, ಆದರೆ ಕಣ್ಣು ಕಿಟಕಿಯ ಕಡೆ ತಿರುಗಿಸಿಕೊಂಡ. ಪ್ಲಾಟ್‌ಫಾರ್ಮಿನಲ್ಲಿ ಇಳಿದ ಮೇಲೆ ತೀರ್ಮಾನವಾಯಿತು. ರಬ್ಬರು ತಂದವನೇ ತೆಗೆಯಬೇಕು. ಕಾರ್ಖಾನೆಯ ಯಾರಿಗೋ ಬೇಕಂತೆ ಎಂದು ಹೇಳಿ ತೆಗೆಯಬೇಕು. ಮುಖದಲ್ಲಿ ಏನೂ ತೋರಿಸಬಾರದು. ನಮ್ಮ ಭಯ ಬೇರೆಯೇ ಇತ್ತು. ನಾವು ಹೋಗುವಷ್ಟರಲ್ಲಿ ಅವರು ಸೀರೆ ಬಿಚ್ಚಿರುತ್ತಾರೆ, ಗಿಟಾರ್ ಅಟ್ಟ ಸೇರಿರುತ್ತದೆ ಎಂದು. ಆ ವಾರ ಪೂರ್ತಿ ನಾನು ತರಗತಿಯಲ್ಲಿ ತರಂಗಗಳ ಪಾಠ ಮಾಡಿದೆ. ಹಲಗೆಯ ಮೇಲೆ ಗೆರೆ ಎಳೆಯುವಾಗಲೆಲ್ಲ ಅದು ಬೆಂಚಾಗುತ್ತಿತ್ತು.

ಭಾನುವಾರ ಹೋದಾಗ ಸೀರೆ ಇತ್ತು. ಬಾಗಿಲಲ್ಲೇ ಮೂವರೂ ಉಸಿರು ಬಿಟ್ಟೆವು. ಆದರೆ ಬೆಂಚಿನ ಈ ತುದಿ ಖಾಲಿ ಇತ್ತು. ಒಳಗೆ ಗ್ರೈಂಡರ್ ದೋಸೆಹಿಟ್ಟು ರುಬ್ಬುತ್ತಿತ್ತು. ಸರೋಜಕ್ಕ ಹಿಟ್ಟಿನ ಕೈಯಲ್ಲೇ ಶೇಖರನನ್ನು ಕರೆದು ತೋರಿಸಿದರು. "ನೋಡಪ್ಪ, ಒಳ್ಳೇ ಕೆಲ್ಸ ಮಾಡ್ದೆ. ಈ ಮುಂಡೇದು ರುಬ್ಬೋವಾಗ ಅಡುಗೆಮನೆ ಎಲ್ಲಾ ಓಡಾಡೋದು. ಈಗ ಸುಮ್ನೆ ಒಂದ್ ಕಡೆ ನಿಂತೈತೆ." ಗ್ರೈಂಡರಿನ ಕಾಲುಗಳ ಕೆಳಗೆ ನಮ್ಮ ರಬ್ಬರುಗಳು.

"ಯಾರು ತೆಗ್ದು ಕೊಟ್ರು ಅಕ್ಕಾ?"

"ಇನ್ಯಾರು? ಸೋಮವಾರ ಬೆಳಿಗ್ಗೇನೇ ಇವ್ರೇ ತಂದಿಟ್ರು."

ಸೀರೆಯ ಆಚೆಯಿಂದ ದೊರೈಯಣ್ಣನ ದನಿ ಬಂತು. "ಬಂದ್ರಾ? ಕೂತ್ಕೊಳ್ರಪ್ಪಾ. ಇವತ್ತಿಂದ ಬಾರಿಸೋದು ನಾನು. ಕೇಳೋದು ನೀವು. ಎಷ್ಟು ವರ್ಷ ಅಂತ ನಾನೇ ಗೆಲ್ಲೋದು, ಬೇಜಾರು."

ನಾವು ಚಾಪೆಯ ಮೇಲೆ ಕೂತೆವು. "ಬೆಂಚಿನ ಮೇಲೆ ಯಾರಾದ್ರೂ ಕೂತ್ಕೊಳ್ಳಿ," ಎಂದರು. ಯಾರೂ ಏಳಲಿಲ್ಲ. "ಮೇಡಂ, ನೀವು ಕೂತ್ಕೊಳ್ಳಿ," ಎಂದರು. ಹೋಗಿ ಕೂತೆ. ಅವರು ಕೂರುತ್ತಿದ್ದ ಹಾಗೆಯೇ ಅಂಗೈ ಎರಡೂ ಪಕ್ಕ ಊರಿದೆ, ಕಣ್ಣು ಮುಚ್ಚಿದೆ.

ಮೊದಲ ಸ್ವರ ಬಂದದ್ದು ಕಿವಿಗೋ ಕೈಗೋ ಎಂದು ಹೇಳಲಾರೆ. ದೂರದ ಹಳಿಯ ಮೇಲೆ ರೈಲು ಬರುವ ಮುಂಚೆ ಬರುವಂಥ ಒಂದು ಅದುರು, ತೇಗದ ಎಳೆಗಳ ಉದ್ದಕ್ಕೂ ನಡೆದು ಬಂದು ಅಂಗೈಯಲ್ಲಿ ಏರಿ ಮೊಣಕೈಯಲ್ಲಿ ಕರಗಿತು. ದಪ್ಪ ತಂತಿ ಒಂದು ಥರ, ಸಣ್ಣ ತಂತಿ ಇನ್ನೊಂದು ಥರ. ಸಣ್ಣದು ಬರಿಯ ಇರುವೆ ಹರಿದ ಹಾಗೆ. ನಡುವೆ ಎಲ್ಲೋ ಕರೆಂಟು ಇಳಿಯಿತು ಅನಿಸಿತು, ಅದುರು ಒಮ್ಮೆ ಮೆತ್ತಗಾಯಿತು. ಇಷ್ಟು ದಿನ ಅವರು ಕೂತಿದ್ದ ಜಾಗದ ಒಳಗೆ ನಾನು ಕೂತಿದ್ದೆ. ಅದು ಕಿವಿಗಿಂತ ಕಡಿಮೆಯೂ ಅಲ್ಲ, ಕಿವಿಯೂ ಅಲ್ಲ.

"ಯಾವ್ದು ಹೇಳಿ ಮೇಡಂ?"

"ನಿಮ್ಮ ಆಂಪು. ನಿಮ್ಮದೇ ಗಿಟಾರು."

"ತಪ್ಪು," ಎಂದರು ಖುಷಿಯಿಂದ. "ಶೇಖರ?" ಅವನದೂ ತಪ್ಪು. "ಮುನಿರಾಜು? ತಪ್ಪು. ಹೋಗ್ರಪ್ಪಾ, ಲೋಟ ತೊಳೀರಿ ಮೂರೂ ಜನ."

ಆ ವರ್ಷ ಉಳಿದ ಭಾನುವಾರಗಳೆಲ್ಲ ಹಾಗೇ ನಡೆದವು. ಸೀರೆ ಕೆಳಗಿಳಿಯಲಿಲ್ಲ, ಗಿಟಾರ್ ಅಟ್ಟ ಸೇರಲಿಲ್ಲ. ಆಚೆ ಅವರು, ಈಚೆ ನಾವು. ಸರಿ ತಪ್ಪು ಹೇಳುವವರು ಅವರೊಬ್ಬರೇ. ಏನು ನುಡಿಸುತ್ತಿದ್ದಾರೆಂದು ಗೊತ್ತಿದ್ದವರೂ ಅವರೊಬ್ಬರೇ. ಒಮ್ಮೊಮ್ಮೆ ನಾವು ಸರಿ ಹೇಳುತ್ತಿದ್ದೆವು, ಆಗ ಅವರು, "ಪರ್ವಾಗಿಲ್ವೇ, ಕಿವಿ ಬಂತು," ಎನ್ನುತ್ತಿದ್ದರು. ಒಂದು ಸಲ ಸೀರೆಯ ತೂತಿನಲ್ಲಿ ತನ್ನ ಕರೀ ಗಿಟಾರನ್ನು ಕಣ್ಣಾರೆ ಕಂಡು ಹೇಳಿದರೂ ತಪ್ಪು ಅಂದರು ಎಂದು ಶೇಖರ ಆಣೆ ಹಾಕುತ್ತಾನೆ. ಅವನು ಸುಳ್ಳು ಹೇಳುತ್ತಾನೆ ಎಂದು ಮುನಿರಾಜು. ಪರೀಕ್ಷೆ ಮುಗಿದ ಮೇಲೆ ನನಗೆ ಬೇರೆ ಊರಾಯಿತು. ಹೊರಡುವ ದಿನ ದೊರೈಯಣ್ಣ ನನ್ನ ಪಿಕಪ್ಪಿನ ಟೇಪು ಕಿತ್ತು, ಸರಿಯಾಗಿ ಕೂರಿಸಿ ಕೊಟ್ಟರು. ಮಾತಾಡಲು ಬಹಳ ಇತ್ತು. ಎದುರು ನಿಂತು, ಅವರಿಗೆ ಕಾಣುವ ಹಾಗೆ ತುಟಿ ಆಡಿಸಿ, "ಬರ್ತೀನಿ ಅಣ್ಣಾ," ಎಂದಷ್ಟೇ ಹೇಳಿದೆ. ಅವರು ತಲೆಯಾಡಿಸಿದರು. ನಾನು ಹಾಗೆ ಎದುರು ನಿಂತದ್ದನ್ನು ಗಮನಿಸಿದರೋ ಇಲ್ಲವೋ.

ಮೊನ್ನೆ ಮುನಿರಾಜುವಿಗೆ ಫೋನ್ ಮಾಡಿದಾಗ, ಈಗಲೂ ಭಾನುವಾರ ಹೋಗುತ್ತೇನೆ ಎಂದ. ಅಣ್ಣ ಈಗ ಮಾತು ಕಡಿಮೆ ಮಾಡಿದ್ದಾರಂತೆ, ನುಡಿಸುವುದು ಜಾಸ್ತಿಯಂತೆ. "ಕೇಳುಸ್ತದಾ ಅವ್ರಿಗೆ?" ಎಂದು ನಾನು ಅವನ ಭಾಷೆಯಲ್ಲೇ ಕೇಳಿದೆ. "ನಾವ್ ಯಾರೂ ಕೇಳಿಲ್ಲ ಮೇಡಂ," ಎಂದ.

ರಬ್ಬರು ತೆಗೆದ ಮೇಲೆ ಅವರು ಮತ್ತೆ ಬೆಂಚಿನ ಈ ತುದಿಯಲ್ಲೇ ಕೂತು ಗೆಲ್ಲಬಹುದಿತ್ತು. ಕೂರಲಿಲ್ಲ. ಅವರು ಆಚೆ ಹೋದದ್ದು, ಕಿವಿಯ ವಿಷಯ ನಮಗೆ ಗೊತ್ತಾಗಿದೆ ಎಂದು ತಿಳಿದೋ, ನಮಗೆ ಗೊತ್ತಾಗದಿರಲಿ ಎಂದೋ, ಗೆದ್ದು ಗೆದ್ದು ನಿಜಕ್ಕೂ ಬೇಜಾರಾಗಿತ್ತೋ, ನನಗೆ ಗೊತ್ತಿಲ್ಲ. ಅಲ್ಲಿ ಒಬ್ಬರೇ ಕೂತು ನುಡಿಸುವಾಗ ಅವರಿಗೆ ಏನು ಕೇಳುತ್ತಿತ್ತು, ಅದೂ ಗೊತ್ತಿಲ್ಲ.